ಪತ್ರಿಯ ಹುಳು ಕಲಿಸಿದ ಪಾಠ

ಪೂಜೆಗೆಂದು ಪತ್ರಿ ಬಿಡಿಸುವುದು ನಮ್ಮ ಮನೆತನಗಳಲ್ಲಿ ನಿತ್ಯದ ಕೆಲಸ. ನಸುಕಿನಲ್ಲಿ ಬುಟ್ಟಿ ಹಿಡಿದು ಹಿತ್ತಲಿಗೆ ಹೋಗುವುದು, ಮೂರು ದಳಗಳು ಚೆನ್ನಾಗಿ ಕೂಡಿದ, ಹರಿಯದ, ತೂತು ಬೀಳದ ಎಲೆಗಳನ್ನು ಆರಿಸಿಕೊಳ್ಳುವುದು, ಹುಳು ತಿಂದವನ್ನು ಅತ್ತ ಎಸೆಯುವುದು. ಮಠದ ಪಾಠಶಾಲೆಯಲ್ಲಿ ವಟುವಾಗಿದ್ದ ಕಾಲದಿಂದಲೂ ನಾನು ಇದನ್ನು ಮಾಡುತ್ತ ಬಂದವನು. ಐವತ್ತು ವರ್ಷಗಳಲ್ಲಿ ಎಷ್ಟು ಸಾವಿರ ಎಲೆಗಳನ್ನು ಹೀಗೆ ಎಸೆದಿರುವೆನೋ ಲೆಕ್ಕವಿಲ್ಲ. ಆದರೆ ಎಸೆಯುವ ಮುನ್ನ ಆ ಎಲೆಯನ್ನು ಒಮ್ಮೆ ನೋಡಬೇಕೆಂಬ ಬುದ್ಧಿ ಮಾತ್ರ ಅರುವತ್ತು ದಾಟಿದ ಮೇಲೆ ಬಂದಿತು. ಅದನ್ನು ಕಲಿಸಿದವಳು ಆರನೆಯ ಇಯತ್ತೆಯಲ್ಲಿ ಓದುವ ನನ್ನ ಮೊಮ್ಮಗಳು.

ಒಂದು ಮುಂಜಾನೆ ನಾನು ಆರಿಸಿದ ಎಲೆಯೊಂದರ ಮೇಲೆ ಹಕ್ಕಿಯ ಹಿಕ್ಕೆಯಂಥದೇನೋ ಕಂಡಿತು. ಕಪ್ಪು ಕಂದು ಮೈ, ನಡುವೆ ಬಿಳಿಯ ಬಣ್ಣ. ಅಪವಿತ್ರವೆಂದು ಎಸೆಯಹೊರಟಾಗ ಆಕೆ ಕೈ ಹಿಡಿದಳು: “ಅಜ್ಜಾ, ಒಗೀಬ್ಯಾಡ. ಅದು ಹಿಕ್ಕಿ ಅಲ್ಲ, ಹುಳಾ ಐತಿ. ನೋಡು, ಅಲ್ಲಾಡಾಕತ್ತೈತಿ.”

ಕನ್ನಡಕ ಏರಿಸಿ ನೋಡಿದೆ. ನಿಜಕ್ಕೂ ಹುಳುವೇ. ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿದೊಡನೆ ತಲೆಯ ಹಿಂದಿನಿಂದ ಕವಲೊಡೆದ ಎರಡು ಮೃದುವಾದ ಕೋಡುಗಳನ್ನು ಹೊರಚಾಚಿತು. ಹುಳಿಯಾದ ಒಂದು ವಾಸನೆ ಮೂಗಿಗೆ ಬಡಿಯಿತು. ಅಂದಿನ ಪೂಜೆ ಅರ್ಧ ಗಂಟೆ ತಡವಾಯಿತು. ಅಂದು ಆರಂಭವಾದ ಅವಲೋಕನ ನಮ್ಮ ಮನೆಯಲ್ಲಿ ಇಂದಿಗೂ ನಡೆದಿದೆ. ಅದು ನನಗೆ ಕೊಟ್ಟ ಸಂತೋಷದ ಜೊತೆಗೆ, ನಾನು ನಾಲ್ಕು ದಶಕ ಪ್ರವಚನಗಳಲ್ಲಿ ಹೇಳಿಕೊಂಡು ಬಂದ ಒಂದು ಮಾತನ್ನು ಬಿಡುವಂತೆಯೂ ಮಾಡಿತು. ಅವೆರಡನ್ನೂ ಓದುಗ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಮಹಾಕೂಟದ ಮಡಿಲಲ್ಲಿ

ನಮ್ಮ ಮನೆ ಇರುವುದು ಮಹಾಕೂಟದ ಸಮೀಪದಲ್ಲಿ. ಬಾದಾಮಿಯಿಂದ ರಸ್ತೆಯ ಮೂಲಕ ಸುಮಾರು 14 ಕಿಲೋಮೀಟರ್ ದೂರವಿರುವ ಈ ಕ್ಷೇತ್ರವನ್ನು ಭಕ್ತರಿಗೆ ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಬಾದಾಮಿ ಚಾಲುಕ್ಯರ ಕಾಲದ ಮಹಾಕೂಟೇಶ್ವರ, ಮಲ್ಲಿಕಾರ್ಜುನ, ಸಂಗಮೇಶ್ವರ ಮೊದಲಾದ ಗುಡಿಗಳು, ನಡುವೆ ಸಹಜವಾದ ಬುಗ್ಗೆಯ ನೀರಿನಿಂದ ತುಂಬುವ ವಿಷ್ಣು ಪುಷ್ಕರಿಣಿ, ಸುತ್ತಲೂ ಹಳೆಯ ಆಲದ ಮರಗಳು. ಮಂಗಲೇಶನ ಶಾಸನವಿರುವ ಇಲ್ಲಿನ ಧರ್ಮಜಯಸ್ತಂಭ ಈಗ ವಿಜಯಪುರದ ಗೋಲಗುಮ್ಮಟದ ಸಂಗ್ರಹಾಲಯದಲ್ಲಿದೆ. 1909ರಲ್ಲಿ ಹಾನಗಲ್ಲ ಕುಮಾರ ಶಿವಯೋಗಿಗಳು ಮಲಪ್ರಭೆಯ ದಂಡೆಯ ಮೇಲೆ ಸ್ಥಾಪಿಸಿದ ಶಿವಯೋಗಮಂದಿರವೂ ಇದೇ ಪರಿಸರದ್ದು.

ಸುತ್ತಲಿನ ಗುಡ್ಡಗಳು ಕೆಂಪು ಮರಳುಗಲ್ಲಿನವು. ಬೇಸಿಗೆಯಲ್ಲಿ ಒಣಗಿ ನಿಂತ ಈ ಕುರುಚಲು ಕಾಡು ಮಳೆಗಾಲಕ್ಕೆ ಹಸಿರಾಗುತ್ತದೆ. ಎಕ್ಕಿ, ತಂಗಡಿ, ಕವಳಿ, ಬಾರಿ, ಕಕ್ಕಿ, ಬೇವು, ಅಲ್ಲಲ್ಲಿ ಪತ್ರಿ. ಬುಗ್ಗೆಯ ಕಾರಣದಿಂದ ಗುಡಿಗಳ ಸುತ್ತ ವರ್ಷವಿಡೀ ತೇವ ಉಳಿಯುತ್ತದೆ. ಒಣನಾಡಿನ ನಡುವೆ ಇಂಥ ಒಂದು ತಣ್ಣಗಿನ ತಾವಿದ್ದರೆ ಪಾತರಗಿತ್ತಿಗಳಿಗೆ ಅದೇ ಉದ್ಯಾನ. ಯಾರೂ ಬೇಲಿ ಹಾಕದ, ಟಿಕೀಟು ಇಡದ ಉದ್ಯಾನ. ವರಕವಿ ಬೇಂದ್ರೆಯವರ ಕವಿತೆಯಿಂದಾಗಿ ಪಾತರಗಿತ್ತಿ ಎಂಬ ನಮ್ಮ ಸೀಮೆಯ ಮಾತು ನಾಡಿನ ಮಕ್ಕಳ ಬಾಯಲ್ಲೆಲ್ಲ ನೆಲೆಸಿದೆ. ಆದರೆ ಮಾತು ಬಲ್ಲವರಾದ ನಾವು ಪಾತರಗಿತ್ತಿಯ ಬದುಕನ್ನು ಬಲ್ಲೆವೇ?

ಪತ್ರಿಯ ಗಿಡದಲ್ಲಿ ಒಂದು ತಿಂಗಳು

ಮೊಮ್ಮಗಳು ತೋರಿಸಿದ ಆ ಹುಳು ನಿಂಬೆ ಚಿಟ್ಟೆಯ ಮರಿ. ಲಿಂಬಿ, ಕರಿಬೇವು, ಪತ್ರಿ ಇವು ಮೂರೂ ಸಸ್ಯಶಾಸ್ತ್ರದ ಪ್ರಕಾರ ಒಂದೇ ಕುಟುಂಬಕ್ಕೆ ಸೇರಿದವು. ಆದ್ದರಿಂದ ಈ ಚಿಟ್ಟೆ ಮೂರರ ಮೇಲೆಯೂ ಮೊಟ್ಟೆ ಇಡುತ್ತದೆ. ಸ್ವೀಡನ್ ದೇಶದ ಲಿನೇಯಸ್ 1758ರಲ್ಲಿಯೇ ಇದಕ್ಕೆ ಪ್ಯಾಪಿಲಿಯೋ ಡೆಮೋಲಿಯಸ್ ಎಂಬ ಶಾಸ್ತ್ರೀಯ ನಾಮವನ್ನು ಕೊಟ್ಟಿದ್ದಾನೆ.

ಹೆಣ್ಣು ಚಿಟ್ಟೆ ಮೊಟ್ಟೆ ಇಡುವ ಬಗೆಯೇ ಒಂದು ಸೋಜಿಗ. ಅದು ಎಲೆಯಿಂದ ಎಲೆಗೆ ಹಾರುತ್ತ, ಒಂದೊಂದರ ಮೇಲೂ ಮುಂಗಾಲುಗಳಿಂದ ತಟ್ಟಿ ನೋಡುತ್ತದೆ. ಪಾತರಗಿತ್ತಿಗೆ ರುಚಿ ತಿಳಿಯುವ ಅಂಗಗಳು ಕಾಲಿನಲ್ಲಿಯೂ ಇವೆ. ತನ್ನ ಮಗು ತಿನ್ನಬಲ್ಲ ಎಲೆ ಇದೇ ಎಂದು ಖಾತ್ರಿಯಾದ ಮೇಲೆ, ಎಳೆಯ ಚಿಗುರಿನ ಮೇಲೆ ಸಾಸಿವೆಗಿಂತ ಚಿಕ್ಕದಾದ ನಸುಹಳದಿ ಮೊಟ್ಟೆಯೊಂದನ್ನು ಅಂಟಿಸಿ ಮುಂದೆ ಹೋಗುತ್ತದೆ. ತಾಯಿ ಕುಡಿಯುವುದು ಹೂವಿನ ಮಕರಂದ. ಮಗು ತಿನ್ನುವುದು ಎಲೆ. ತಾನು ತಿನ್ನದ ಆಹಾರವನ್ನು ಮಗುವಿಗಾಗಿ ಹುಡುಕುವ ಈ ತಾಯಿಯ ಎಚ್ಚರವನ್ನು ನಾನು ಮೊದಲ ಬಾರಿಗೆ ಕಂಡದ್ದು ಪೂಜೆಯ ಬುಟ್ಟಿಯನ್ನು ಕೆಳಗಿಟ್ಟ ಮೇಲೆಯೇ.

ಮೂರು ನಾಲ್ಕು ದಿನಗಳಲ್ಲಿ ಮೊಟ್ಟೆ ಒಡೆಯುತ್ತದೆ. ಮರಿ ಐದು ಹಂತಗಳಲ್ಲಿ ಬೆಳೆಯುತ್ತದೆ. ಒಂದು ಹಂತದಿಂದ ಮತ್ತೊಂದಕ್ಕೆ ಹೋಗುವಾಗ ಹಳೆಯ ಚರ್ಮವನ್ನು ಕಳಚುತ್ತದೆ. ಮೊದಲ ಹಂತಗಳಲ್ಲಿ ಹಿಕ್ಕೆಯ ವೇಷ, ಹಕ್ಕಿಗಳು ತಿನ್ನಬಾರದೆಂದು. ಕೊನೆಯ ಹಂತದಲ್ಲಿ ಎಲೆಯದೇ ಹಸಿರು. ಮುಟ್ಟಿದರೆ ವಾಸನೆಯ ಕೋಡು, ಇರುವೆ ಮೊದಲಾದ ಶತ್ರುಗಳನ್ನು ಓಡಿಸಲು. ಸುಮಾರು ಎರಡು ವಾರ ಎಡೆಬಿಡದೆ ತಿಂದು, ಬಳಿಕ ಅನ್ನವನ್ನು ಬಿಟ್ಟು, ಒಂದು ಕಡ್ಡಿಯನ್ನು ಹುಡುಕಿಕೊಂಡು, ಬಾಲದ ತುದಿಯನ್ನು ಅದಕ್ಕೆ ಅಂಟಿಸಿ, ನಡುವಿಗೆ ರೇಷ್ಮೆಯ ಎಳೆಯೊಂದನ್ನು ಉಡಿದಾರದಂತೆ ಸುತ್ತಿಕೊಂಡು ನಿಶ್ಚಲವಾಗುತ್ತದೆ. ಅದೇ ಕೋಶಾವಸ್ಥೆ. ನಮ್ಮ ಹಿತ್ತಲಲ್ಲಿ ಅದು ಒಂಬತ್ತು ದಿನ ನಡೆಯಿತು. ಹತ್ತನೆಯ ದಿನ ಸೂರ್ಯೋದಯದ ಹೊತ್ತಿಗೆ ಕೋಶ ಸೀಳಿತು. ಮುದುಡಿದ ಒದ್ದೆ ರೆಕ್ಕೆಗಳ ಜೀವವೊಂದು ಹೊರಬಂದು ತಲೆಕೆಳಗಾಗಿ ಜೋತುಬಿದ್ದು, ಮೈಯೊಳಗಿನ ದ್ರವವನ್ನು ರೆಕ್ಕೆಯ ನಾಳಗಳಿಗೆ ತುಂಬತೊಡಗಿತು. ನೋಡನೋಡುತ್ತಿದ್ದಂತೆ ಮುದುಡಿದ್ದದ್ದು ಹರಡಿಕೊಂಡಿತು. ಕಪ್ಪು ನೆಲದ ಮೇಲೆ ಹಳದಿಯ ಚಿತ್ತಾರ, ಹಿಂದಿನ ರೆಕ್ಕೆಯ ಅಂಚಿಗೆ ಕುಂಕುಮದಂಥ ಒಂದು ಬೊಟ್ಟು. ರೆಕ್ಕೆ ಗಟ್ಟಿಯಾದ ಮೇಲೆ ಅದು ಹಾರಿ ಹೋಯಿತು. ಮನೆಯವರೆಲ್ಲ ಚಹ ಆರುವುದನ್ನು ಮರೆತು ನಿಂತಿದ್ದೆವು.

ಚಿತ್ರ ತೆಗೆಯುವುದೂ ಒಂದು ಸಾಧನೆ

ಈ ಎಲ್ಲ ಹಂತಗಳನ್ನೂ ಮೊಮ್ಮಗಳು ಮೊಬೈಲಿನಲ್ಲಿ ಸೆರೆಹಿಡಿದಳು. ಆಮೇಲೆ ಮಗ ತನ್ನ ಹಳೆಯ ಕ್ಯಾಮೆರಾಕ್ಕೆ, ಸಣ್ಣ ವಸ್ತುಗಳನ್ನು ಹತ್ತಿರದಿಂದ ತೋರಿಸುವ ಮ್ಯಾಕ್ರೋ ಲೆನ್ಸ್ ಕೂಡಿಸಿ ಕೊಟ್ಟನು. ಆದರೆ ಆರಂಭ ಮಾಡುವವರಿಗೆ ಕೈಯಲ್ಲಿರುವ ಮೊಬೈಲೇ ಸಾಕು. ಉಪಕರಣಕ್ಕಿಂತ ಹೆಚ್ಚಾಗಿ ಬೇಕಾದದ್ದು ತಾಳ್ಮೆ. ನಾವು ತಪ್ಪಿ ತಪ್ಪಿ ಕಲಿತ ಕೆಲವು ಸಂಗತಿಗಳನ್ನು ಆಸಕ್ತರಿಗಾಗಿ ಹೇಳುತ್ತೇನೆ.

ಬಿಸಿಲು ಏರುವ ಮುನ್ನಿನ ಹೊತ್ತು ಶ್ರೇಷ್ಠ. ಪಾತರಗಿತ್ತಿಯ ಮೈಗೆ ತನ್ನದೇ ಆದ ಬಿಸಿ ಕಡಿಮೆ. ಬೆಳಗಿನ ಎಳೆಬಿಸಿಲಿಗೆ ರೆಕ್ಕೆ ಬಿಚ್ಚಿ ಕುಳಿತು ಮೈ ಕಾಯಿಸಿಕೊಂಡ ಮೇಲೆಯೇ ಅದು ಚುರುಕಾಗಿ ಹಾರಬಲ್ಲದು. ಆಗ ಹತ್ತಿರ ಹೋಗುವುದು ಸುಲಭ. ಹೋಗುವಾಗ ನಮ್ಮ ನೆರಳು ಅದರ ಮೇಲೆ ಬೀಳಬಾರದು. ನೆರಳು ಬಿದ್ದೊಡನೆ ಅದು ಹಕ್ಕಿಯೆಂದು ಬಗೆದು ಹಾರುತ್ತದೆ. ನಿಂತು ಮೇಲಿನಿಂದ ತೆಗೆಯುವ ಬದಲು ಮೊಣಕಾಲೂರಿ ಅದರ ಕಣ್ಣಿನ ಮಟ್ಟಕ್ಕೆ ಬಂದು, ಕಣ್ಣು ಸ್ಪಷ್ಟವಾಗಿರುವಂತೆ ತೆಗೆಯಬೇಕು. ರೆಕ್ಕೆಯ ಮೇಲ್ಭಾಗ, ಕೆಳಭಾಗ ಎರಡರ ಚಿತ್ರವೂ ಬೇಕು. ಎಷ್ಟೋ ಜಾತಿಗಳನ್ನು ಗುರುತಿಸುವುದು ಕೆಳಭಾಗದ ಗೆರೆ ಚುಕ್ಕಿಗಳಿಂದಲೇ. ಕೈಯಿಂದ ಹಿಡಿಯಲೇಬಾರದು. ಬೆರಳಿಗೆ ಅಂಟುವ ಬಣ್ಣದ ಪುಡಿ ಅದರ ರೆಕ್ಕೆಯ ಹುರುಪೆಗಳು. ಉದುರಿದವು ಮರಳಿ ಹುಟ್ಟುವುದಿಲ್ಲ.

ಇನ್ನೊಂದು ಮಾತು ಮುಖ್ಯ. ಚಿತ್ರದ ಜೊತೆಗೆ ಒಂದು ವಹಿ ಇಡಬೇಕು. ದಿನಾಂಕ, ಹೊತ್ತು, ಯಾವ ಗಿಡ, ಏನು ಮಾಡುತ್ತಿತ್ತು, ಇಷ್ಟನ್ನು ಬರೆದುಕೊಂಡರೆ ಚಂದದ ಚಿತ್ರವು ಜ್ಞಾನವಾಗುತ್ತದೆ. ಕ್ಯಾಮೆರಾ ಇಲ್ಲದ ಕಾಲದಲ್ಲಿಯೇ ಈ ಕ್ರಮವನ್ನು ತೋರಿಸಿಕೊಟ್ಟವಳು ಒಬ್ಬ ಹೆಣ್ಣುಮಗಳು. 1647ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಹುಟ್ಟಿದ ಮರಿಯಾ ಸಿಬಿಲಾ ಮೇರಿಯನ್ ಹದಿಮೂರರ ವಯಸ್ಸಿನಲ್ಲಿ ರೇಷ್ಮೆಹುಳು ಸಾಕಿ ನೋಡತೊಡಗಿದಳು. ಮೊಟ್ಟೆ, ಹುಳು, ಕೋಶ, ಪತಂಗ ಮತ್ತು ಅದು ತಿನ್ನುವ ಗಿಡ, ಎಲ್ಲವನ್ನೂ ಒಂದೇ ಹಾಳೆಯಲ್ಲಿ ಚಿತ್ರಿಸಿ 1679ರಲ್ಲಿ ಪುಸ್ತಕವಾಗಿಸಿದಳು. ಐವತ್ತು ದಾಟಿದ ಮೇಲೆ, 1699ರಲ್ಲಿ, ಕೀಟಗಳನ್ನು ನೋಡುವುದಕ್ಕಾಗಿಯೇ ಮಗಳೊಡನೆ ಸಮುದ್ರ ದಾಟಿ ದಕ್ಷಿಣ ಅಮೇರಿಕದ ಸುರಿನಾಮಿಗೆ ಹೋದಳು. ಹುಳುಗಳು ಕೆಸರಿನಿಂದ ತಾವಾಗಿಯೇ ಹುಟ್ಟುತ್ತವೆಂದು ಅನೇಕರು ನಂಬಿದ್ದ ಕಾಲವದು.

ಹೀಗೆ ವಹಿಯಿಟ್ಟು ನೋಡತೊಡಗಿದ ಮೇಲೆ ಮಹಾಕೂಟದ ದಾರಿ ನನಗೆ ಹೊಸದಾಗಿ ಕಂಡಿತು. ಎಕ್ಕಿಯ ಗಿಡವನ್ನೇ ನೋಡಿರಿ. ದನ ಮುಟ್ಟದ, ಹಾಲು ಸುರಿಸುವ ಈ ಗಿಡದ ಎಲೆಯನ್ನು ಕಪ್ಪು, ಬಿಳಿ, ಹಳದಿ ಪಟ್ಟೆಗಳ ಹುಳುವೊಂದು ನಿಶ್ಚಿಂತೆಯಿಂದ ತಿನ್ನುತ್ತದೆ. ಎಕ್ಕಿಯ ವಿಷ ಅದರ ಮೈಯಲ್ಲಿ ಉಳಿದು, ಮುಂದೆ ಅದು ಪ್ಲೇನ್ ಟೈಗರ್ ಎಂಬ ಕೇಸರಿ ಬಣ್ಣದ ಪಾತರಗಿತ್ತಿಯಾದಾಗ ಅದಕ್ಕೆ ಕವಚವಾಗುತ್ತದೆ. ಒಮ್ಮೆ ಬಾಯಿಗೆ ಹಾಕಿಕೊಂಡ ಹಕ್ಕಿ ಮತ್ತೊಮ್ಮೆ ಆ ಬಣ್ಣದ ತಂಟೆಗೆ ಹೋಗದು. ಆದ್ದರಿಂದ ಅದರ ಹಾರಾಟದಲ್ಲಿ ಅವಸರವಿಲ್ಲ; ಹೊಸಬರಿಗೆ ಚಿತ್ರ ತೆಗೆಯಲು ಇದಕ್ಕಿಂತ ಸುಲಭವಾದುದು ಇಲ್ಲ. ಬ್ರಿಟಿಷ್ ಮ್ಯೂಸಿಯಂನಲ್ಲಿರುವ, ಸುಮಾರು ಕ್ರಿ.ಪೂ. 1350ರ ಈಜಿಪ್ತಿನ ಭಿತ್ತಿಚಿತ್ರವೊಂದರಲ್ಲಿ ಇದೇ ಪಾತರಗಿತ್ತಿ ಹಾರುತ್ತಿದೆ. ನಮ್ಮ ಹೊಲದ ಬದುವಿನ ಎಕ್ಕಿಯ ಮೇಲೆ ಕುಳಿತಿರುವ ಜೀವವನ್ನು ಮೂರು ಸಾವಿರ ವರ್ಷಗಳ ಹಿಂದೆ ನೈಲ್ ನದಿಯ ದಂಡೆಯ ಕಲಾವಿದ ಕಣ್ಣಿಟ್ಟು ನೋಡಿದ್ದನು.

ನೀರು ಹರಿದು ನೆಲ ಹಸಿಯಾದ ತಾವಿನಲ್ಲಿ ಮಧ್ಯಾಹ್ನಕ್ಕೆ ಮುನ್ನ ಪಾತರಗಿತ್ತಿಗಳು ಗುಂಪಾಗಿ ಕುಳಿತು ಮಣ್ಣಿನಿಂದ ನೀರು ಹೀರುವುದನ್ನು ಕಾಣಬಹುದು. ಅವುಗಳಲ್ಲಿ ಬಹುಪಾಲು ಗಂಡುಗಳು. ಮಕರಂದದಲ್ಲಿ ಸಿಗದ ಉಪ್ಪಿನಂಶವನ್ನು ಅವು ಹಸಿಮಣ್ಣಿನಿಂದ ಪಡೆಯುತ್ತವೆ. ಕೂಡುವಾಗ ಆ ಸತ್ವವನ್ನು ಹೆಣ್ಣಿಗೆ ಕೊಡುತ್ತವೆ, ಅದು ಮೊಟ್ಟೆಗೆ ಸಲ್ಲುತ್ತದೆ. ಮುಂಗಾರಿನ ಹೊತ್ತಿಗೆ ಬ್ಲೂ ಟೈಗರ್ ಎಂಬ ನೀಲಿ ಗೆರೆಗಳ ಪಾತರಗಿತ್ತಿಗಳು ಪಶ್ಚಿಮ ಘಟ್ಟಗಳಿಂದ ದಕ್ಷಿಣ ಭಾರತದ ಬಯಲುನಾಡುಗಳ ಕಡೆಗೆ ಸಾವಿರಗಟ್ಟಲೆ ಹಾರುತ್ತವೆ. ಮಳೆಗಾಲ ಕಳೆದ ಮೇಲೆ ಘಟ್ಟಗಳತ್ತ ಮರಳುವ ಪಯಣ. ಜಾತ್ರೆಗೆ ನಾವಷ್ಟೇ ಹೋಗುವುದಿಲ್ಲ.

ಮಣ್ಣಿನ ಗೂಡು ಒಡೆದ ದಿನ

ಈಗ ನಾನು ಹೇಳಲೇಬೇಕಾದ ಸಂಗತಿಗೆ ಬರುತ್ತೇನೆ.

ನಮ್ಮ ಶಾಸ್ತ್ರಗಳಲ್ಲಿ ಭ್ರಮರ-ಕೀಟ ನ್ಯಾಯವೆಂಬ ದೃಷ್ಟಾಂತವೊಂದು ಪ್ರಸಿದ್ಧವಾಗಿದೆ. ಭ್ರಮರವು, ಅಂದರೆ ಇಲ್ಲಿ ಕಣಜವು, ಒಂದು ಕೀಟವನ್ನು ತಂದು ತನ್ನ ಮಣ್ಣಿನ ಗೂಡಿನಲ್ಲಿಟ್ಟು ಬಾಯಿ ಮುಚ್ಚುತ್ತದೆ. ಒಳಗಿನ ಕೀಟ ಹೆದರಿಕೆಯಿಂದ ಆ ಭ್ರಮರವನ್ನೇ ಸದಾ ನೆನೆನೆನೆದು ಕೊನೆಗೆ ತಾನೂ ಭ್ರಮರವಾಗಿ ಹೊರಬರುತ್ತದೆ. ಭಾಗವತದ ಏಕಾದಶ ಸ್ಕಂಧದಲ್ಲಿ ಅವಧೂತನು ಹೇಳುವ ಇಪ್ಪತ್ತನಾಲ್ಕು ಗುರುಗಳಲ್ಲಿ ಈ ಕಣಜವೂ ಒಬ್ಬ ಗುರು. ವೇದಾಂತಿಗಳು ಇದನ್ನು ಬಳಸಿದರು. ನಮ್ಮ ವಿದ್ವಾಂಸರೂ ಶಿಷ್ಯನು ಗುರುವನ್ನು, ಅಂಗವು ಲಿಂಗವನ್ನು ನೆನೆದು ಅದೇ ಆಗುವ ಬಗೆಯನ್ನು ತಿಳಿಸಲು ಬಳಸಿದರು. ಪಾಠಶಾಲೆಯಲ್ಲಿ ನನಗೆ ಇದನ್ನು ಕಲಿಸಿದರು. ನಾನೂ ಶ್ರಾವಣದ ಪ್ರವಚನಗಳಲ್ಲಿ ವರ್ಷವರ್ಷವೂ ಹೇಳಿದೆನು. ಕೇಳಿದ ತಾಯಂದಿರು ತಲೆದೂಗಿದರು.

ಕೆಲವು ವರ್ಷಗಳ ಹಿಂದಿನ ಶ್ರಾವಣದಲ್ಲಿಯೂ ಒಂದು ರಾತ್ರಿ ಇದೇ ದೃಷ್ಟಾಂತವನ್ನು ಹೇಳಿ ಮನೆಗೆ ಬಂದೆ. ಮರುದಿನ ಪಂಚಮಿ ಹಬ್ಬಕ್ಕೆಂದು ಮನೆ ಸ್ವಚ್ಛ ಮಾಡುವಾಗ ಪಡಸಾಲೆಯ ಕಿಟಕಿಯ ಮೇಲಿದ್ದ ಕುಂಬಾರ ಹುಳುವಿನ ಗೂಡು ಕಸಬರಿಗೆ ತಾಗಿ ಕೆಳಗೆ ಬಿದ್ದು ಒಡೆಯಿತು. ಆ ಗೂಡು ಕಟ್ಟುವುದನ್ನು ಮೊಮ್ಮಗಳು ಮೊದಲ ದಿನದಿಂದಲೂ ಚಿತ್ರ ತೆಗೆಯುತ್ತ ಬಂದಿದ್ದಳು. ಸಣ್ಣ ಮಣ್ಣಿನ ಉಂಡೆಗಳನ್ನು ತಂದು ಗಡಿಗೆಯ ಹಾಗೆ ಕಟ್ಟಿದ್ದು, ಹಸಿರು ಹುಳುಗಳನ್ನು ಒಂದೊಂದಾಗಿ ಒಳಗೆ ಸೇರಿಸಿದ್ದು, ಕೊನೆಗೆ ಬಾಯಿ ಮುಚ್ಚಿದ್ದು, ಎಲ್ಲಕ್ಕೂ ದಿನಾಂಕವಿತ್ತು. ಈಗ ಒಡೆದ ಗೂಡಿನ ಒಳಗನ್ನು ನೋಡಿ ಓಡಿ ಬಂದಳು.

“ಅಜ್ಜಾ, ನಿನ್ನೆ ರಾತ್ರಿ ನೀ ಹೇಳಿದ್ದು ಇದೇ ಹುಳಾ ಏನು? ಸತ್ತಿಲ್ಲ, ಖರೇ, ಆದ್ರ ಭ್ರಮರ ಆಗಾಕತ್ತಿಲ್ಲ. ಇದನ್ನ ಮತ್ತೊಂದು ತಿನ್ನಾಕತ್ತೈತಿ.”

ನೋಡಿದೆ. ಐದಾರು ಹಸಿರು ಹುಳುಗಳು ಅಲುಗಾಡದೆ ಬಿದ್ದಿದ್ದವು. ಮುಟ್ಟಿದರೆ ಮೈ ಮೃದುವಾಗಿತ್ತು. ಒಂದರ ಕಾಲು ನಸುವಾಗಿ ಅದುರಿತು. ಅವುಗಳಲ್ಲಿ ಒಂದಕ್ಕೆ ಬಾಯಿ ಹಚ್ಚಿ ಬೆಳ್ಳಗಿನ, ಕಾಲಿಲ್ಲದ ಒಂದು ಮರಿ ಕುಳಿತಿತ್ತು. ಅದು ಕಣಜದ ಕೂಸು. ಕೀಟವು ಭ್ರಮರವಾಗುತ್ತಿರಲಿಲ್ಲ, ಭ್ರಮರದ ಕೂಸು ಕೀಟವನ್ನು ಉಣ್ಣುತ್ತಿತ್ತು.

ನಾನು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಮಗನಿಂದ ಪುಸ್ತಕಗಳನ್ನು ತರಿಸಿ ಓದಿದೆ. ಈ ಸತ್ಯ ವಿಜ್ಞಾನಿಗಳಿಗೆ ನೂರು ವರ್ಷಕ್ಕೂ ಹಿಂದೆಯೇ ತಿಳಿದಿತ್ತು. ಫ್ರಾನ್ಸ್ ದೇಶದ ಝಾಂ ಹಾಂರಿ ಫಾಬ್ರ್ (1823–1915) ಬಡತನದಲ್ಲಿ ಬೆಳೆದ ಶಾಲಾಮಾಸ್ತರ. 1879ರಲ್ಲಿ ಅವರು ಸೆರಿನ್ಯಾಂ ಎಂಬ ಹಳ್ಳಿಯಲ್ಲಿ, ಬೆಳೆ ಬಾರದ, ಕಲ್ಲುಮುಳ್ಳಿನ ಒಂದು ತುಂಡು ನೆಲವನ್ನು ಪಡೆದು ಅದನ್ನೇ ಕೀಟಗಳ ತೋಟವಾಗಿ ಉಳಿಸಿಕೊಂಡರು. ಬದುಕಿನ ಉಳಿದ ವರ್ಷಗಳನ್ನೆಲ್ಲ ಅಲ್ಲಿಯೇ ನೋಡುತ್ತ ಬರೆಯುತ್ತ ಕಳೆದರು. ಬೇಟೆಗಾರ ಕಣಜವು ಹುಳುವನ್ನು ಕೊಲ್ಲುವುದಿಲ್ಲ. ಅದರ ನರಗಂಟುಗಳಿಗೆ ಕೊಂಡಿ ಚುಚ್ಚಿ ಮರಗಟ್ಟಿಸುತ್ತದೆ, ಕೂಸಿಗೆ ಆಹಾರ ಕೆಡದೆ ಉಳಿಯಲೆಂದು. ಕುಂಬಾರ ಹುಳುವಿನ ಮೊಟ್ಟೆ ಗೂಡಿನ ಸೂರಿನಿಂದ ಒಂದು ಸೂಕ್ಷ್ಮ ಎಳೆಗೆ ಜೋತುಬಿದ್ದಿರುತ್ತದೆ, ಕೆಳಗಿನ ಹುಳುಗಳು ಹೊರಳಿದರೆ ಜಜ್ಜಿಹೋಗದಿರಲೆಂದು. ಇವೆಲ್ಲವನ್ನೂ ಫಾಬ್ರ್ ಕಣ್ಣಾರೆ ಕಂಡು ಬರೆದಿದ್ದಾರೆ.

ಪ್ರಾಚೀನರು ಎಲ್ಲಿ ತಪ್ಪಿದರೆಂಬುದೂ ಆಗ ತಿಳಿಯಿತು. ಅವರು ನೋಡದೆ ಹೇಳಿದವರಲ್ಲ. ಹುಳು ಒಳಗೆ ಹೋದದ್ದನ್ನು ಕಂಡರು, ಬಾಯಿ ಮುಚ್ಚಿದ್ದನ್ನು ಕಂಡರು, ದಿನಗಳ ಮೇಲೆ ಕಣಜ ಹೊರಬಂದದ್ದನ್ನೂ ಕಂಡರು. ಮಣ್ಣು ಮೆತ್ತುವಾಗ ಕೆಲವು ಕಣಜಗಳು ಮೈ ಅದುರಿಸಿ ಮೊರೆಯುವುದುಂಟು. ಆ ಮೊರೆತವನ್ನೂ ಕೇಳಿದರು. ಗೋಡೆಯ ಹೊರಗಿನದೆಲ್ಲ ಪ್ರತ್ಯಕ್ಷ. ಗೋಡೆಯ ಒಳಗಿನದು ಮಾತ್ರ ಊಹೆ. ತಪ್ಪಾದದ್ದು ಆ ಊಹೆ.

ಪ್ರವಚನದ ಕೊನೆಯ ದಿನ

ತಿಳಿದ ಮೇಲೆ ಸುಮ್ಮನಿರುವುದೇ? ಯಾರೂ ಕೇಳುವವರಿರಲಿಲ್ಲ. ಮುಂದಿನ ವರ್ಷ ಆ ದೃಷ್ಟಾಂತವನ್ನು ಬಿಟ್ಟುಬಿಟ್ಟಿದ್ದರೆ ಯಾರ ಗಮನಕ್ಕೂ ಬರುತ್ತಿರಲಿಲ್ಲ. ಆದರೆ ನನ್ನ ಮಾತು ಕೇಳಿದವರಲ್ಲಿ ಮೊಮ್ಮಗಳೂ ಒಬ್ಬಳು. ಆಕೆಯ ವಹಿಯಲ್ಲಿ ಎಲ್ಲಕ್ಕೂ ದಿನಾಂಕವಿತ್ತು. ಪ್ರವಚನದ ಮಂಗಲದ ದಿನ ನಾನು ಸಭೆಯಲ್ಲಿ ಎದ್ದು, ಮೊನ್ನೆ ಹೇಳಿದ್ದು ನಿಜವಲ್ಲವೆಂದು ತಿಳಿಸಿ, ಚಿತ್ರಗಳನ್ನು ಎಲ್ಲರಿಗೂ ತೋರಿಸಿದೆ. ಹಿರಿಯರೊಬ್ಬರು ನೊಂದುಕೊಂಡು ಕೇಳಿದರು: “ಹಂಗಾದ್ರ ಹಿರ್ಯಾರು ಹೇಳಿದ್ದು ಸುಳ್ಳಾತೇನ್ರೀ, ಶಾಸ್ತ್ರಿಗಳ?”

ಪ್ರಶ್ನೆ ಸಹಜವಾದುದು. ಅವರಿಗೆ ನಾನು ಕೊಟ್ಟ ಉತ್ತರವನ್ನೇ ಇಲ್ಲಿಯೂ ಬರೆಯುತ್ತೇನೆ. ದೃಷ್ಟಾಂತವೆಂದರೇನೆಂದು ಗೌತಮರ ನ್ಯಾಯಸೂತ್ರವೇ ಹೇಳುತ್ತದೆ. ಸಾಮಾನ್ಯ ಜನರೂ ಪರೀಕ್ಷೆ ಮಾಡಿ ನೋಡುವವರೂ ಯಾವ ಸಂಗತಿಯಲ್ಲಿ ಏಕಾಭಿಪ್ರಾಯ ಉಳ್ಳವರೋ ಅದು ದೃಷ್ಟಾಂತ. ಪರೀಕ್ಷಕರು ಒಪ್ಪದ ಮೇಲೆ ಅದು ದೃಷ್ಟಾಂತವಾಗಿ ಉಳಿಯದು. ಅಂದಮೇಲೆ ಈ ಉಪಮೆಯನ್ನು ಕೈಬಿಡುವುದು ಶಾಸ್ತ್ರದ ವಿರೋಧವಲ್ಲ, ಶಾಸ್ತ್ರದ ಪಾಲನೆ. ಗುರುವನ್ನು ನೆನೆಯುವುದರಿಂದ ಶಿಷ್ಯ ಬದಲಾಗುತ್ತಾನೆಂಬ ಮಾತಿಗೆ ಕಣಜದ ಸಾಕ್ಷಿ ಬಿದ್ದುಹೋಯಿತು, ಅಷ್ಟೇ. ಆ ಮಾತು ಬೀಳಲಿಲ್ಲ. ಬಿದ್ದ ಸಾಕ್ಷಿಯನ್ನು ಹಿಡಿದುಕೊಂಡೇ ವಾದಿಸಿದರೆ, ನಾಳೆ ಶಾಲೆಯಲ್ಲಿ ಸತ್ಯವನ್ನು ಕಲಿತ ಮಗು ಉಪಮೆಯ ಜೊತೆಗೆ ತತ್ತ್ವವನ್ನೂ ಎಸೆದೀತು.

ಶರಣರಿಗೂ ಕೀಟಗಳ ಉಪಮೆ ಹೊಸದಲ್ಲ. ತನ್ನ ನೂಲಿನಲ್ಲಿ ತಾನೇ ಸಿಕ್ಕಿಕೊಳ್ಳುವ ರೇಷ್ಮೆಹುಳುವನ್ನು ಮನುಷ್ಯನ ಆಸೆಗೆ ಹೋಲಿಸಿದ ಅಕ್ಕಮಹಾದೇವಿಯ ವಚನವನ್ನು ಬಲ್ಲದವರಾರು? ಆ ಹೋಲಿಕೆ ಇಂದಿಗೂ ನಿಂತಿದೆ, ಏಕೆಂದರೆ ಅದು ಕಣ್ಣಿಗೆ ಕಂಡ ಸಂಗತಿಯ ಮೇಲೆ ನಿಂತದ್ದು. ಗೂಡನ್ನು ಬಿಸಿನೀರಿಗೆ ಹಾಕಿ ನೂಲು ಬಿಚ್ಚುವುದನ್ನು ಕಂಡ ಯಾರೂ ಅದನ್ನು ಅಲ್ಲಗಳೆಯಲಾರರು.

ಭ್ರಮರ-ಕೀಟದ ಬದಲು ಇನ್ನಾವ ಉಪಮೆಯೆಂದು ಕೇಳಿದರೆ, ನಾನು ಪತ್ರಿಯ ಹುಳುವನ್ನು ತೋರಿಸುತ್ತೇನೆ. ಅದು ಹೆದರಿ ಮತ್ತೊಂದಾಗುವುದಲ್ಲ. 17ನೆಯ ಶತಮಾನದಲ್ಲಿ ಡಚ್ ವಿಜ್ಞಾನಿ ಯಾನ್ ಸ್ವಾಮರ್‌ಡಾಮ್ ಬಲಿತ ಹುಳುವಿನ ಚರ್ಮ ಬಿಡಿಸಿ, ಒಳಗೆ ಮುಂದಿನ ರೆಕ್ಕೆಯ ಮೊಳಕೆಗಳು ಆಗಲೇ ಇರುವುದನ್ನು ತೋರಿಸಿದನು. ಎಲೆ ಮೇಯುವ ಹುಳುವಿನೊಳಗೆ ಹಾರುವ ರೆಕ್ಕೆ ಮೊದಲೇ ಇದೆ. ಬೆಳೆಯಲು ಕಾಲ ಮತ್ತು ಮೌನ ಬೇಕು. ಅಮೇರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇನ್ನೂ ಸೋಜಿಗದ್ದು. ಒಂದು ಜಾತಿಯ ಪತಂಗದ ಹುಳುಗಳಿಗೆ ಒಂದು ವಾಸನೆಯಿಂದ ದೂರವಿರುವಂತೆ ಕಲಿಸಿದರು. ಬಲಿತ ಮೇಲೆ ಕಲಿತ ಹುಳುಗಳು ಕೋಶದಿಂದ ಪತಂಗವಾಗಿ ಹೊರಬಂದಾಗಲೂ ಆ ವಾಸನೆಯಿಂದ ದೂರ ಸರಿದವು. ದೇಹವೆಲ್ಲ ಮಾರ್ಪಟ್ಟರೂ ಪಡೆದ ಪಾಠ ಉಳಿಯಿತು. ಮಕ್ಕಳಿಗೆ ಎಳವೆಯಲ್ಲಿ ಸಂಸ್ಕಾರವೇಕೆ ಬೇಕೆಂದು ಕೇಳುವವರಿಗೆ ಇದನ್ನು ಹೇಳಬಹುದು. ನಾಳೆ ಪರೀಕ್ಷಕರು ಇದನ್ನೂ ತಿದ್ದಿದರೆ ನಾವೂ ತಿದ್ದಿಕೊಳ್ಳೋಣ.

ಮನೆಯಂಗಳವೇ ಉದ್ಯಾನವಾಗಲಿ

ಪಾತರಗಿತ್ತಿಗಳ ಉದ್ಯಾನಗಳು ಈಗ ನಮ್ಮ ರಾಜ್ಯದಲ್ಲಿಯೂ ಇವೆ. ಬೆಂಗಳೂರಿನ ಬನ್ನೇರುಘಟ್ಟದಲ್ಲಿ 2006ರಲ್ಲಿ ಆರಂಭವಾದ ಪಾರ್ಕು ಏಳೂವರೆ ಎಕರೆಯದು. ಗಾಜಿನ ಗುಮ್ಮಟದಂಥ ಆವರಣದೊಳಗೆ ಅವುಗಳನ್ನು ಹತ್ತಿರದಿಂದ ನೋಡಬಹುದು. ದಕ್ಷಿಣ ಕನ್ನಡದ ಮೂಡುಬಿದಿರೆಯ ಬಳಿ ಬೆಳುವಾಯಿಯಲ್ಲಿ ಸಮ್ಮಿಲನ್ ಶೆಟ್ಟಿಯವರು ಏಳು ಎಕರೆಗೂ ಮಿಕ್ಕ ಭೂಮಿಯಲ್ಲಿ ಗಿಡಗಳನ್ನು ಬೆಳೆಸಿ 2013ರಲ್ಲಿ ಉದ್ಯಾನವನ್ನು ತೆರೆದರು. ಅಲ್ಲಿ ಪಂಜರವಿಲ್ಲ, ಬೇಕಾದ ಗಿಡವಿದ್ದರೆ ಪಾತರಗಿತ್ತಿ ತಾನಾಗಿ ಬರುತ್ತದೆ.

ಆ ತತ್ತ್ವವನ್ನು ನಮ್ಮ ಹಿತ್ತಲಿಗೂ ಅನ್ವಯಿಸಬಹುದು. ಒಂದು ಪತ್ರಿ, ಒಂದು ಕರಿಬೇವು, ಒಂದು ಲಿಂಬಿ ಇದ್ದರೆ ನಿಂಬೆ ಚಿಟ್ಟೆ ಬರುವುದು. ಬೇಲಿಯ ಎಕ್ಕಿಯನ್ನು ಕಡಿಯದಿದ್ದರೆ ಪ್ಲೇನ್ ಟೈಗರ್. ಕಕ್ಕಿ, ತಂಗಡಿ ಇದ್ದರೆ ನಸುಹಸಿರು-ಹಳದಿಯ ಎಮಿಗ್ರಂಟ್. ಔಡಲದ ಗಿಡಕ್ಕೆ ಕಂದು ಅಲೆಗೆರೆಗಳ ಕಾಮನ್ ಕ್ಯಾಸ್ಟರ್. ಬಾರಿಯ ಕಂಟಿಗೆ ಬಿಳಿಯ ಮೇಲೆ ಕರಿಚುಕ್ಕಿಯ ಪುಟ್ಟ ಪಿಯರೋ. ಮಕರಂದಕ್ಕೆ ತುಂಬೆ, ಚೆಂಡು ಹೂ ಸಾಕು. ಒಂದು ಮೂಲೆಯಲ್ಲಿ ನೆಲ ಹಸಿಯಾಗಿರಲಿ. ಇವುಗಳಲ್ಲಿ ಹೊಸದಾಗಿ ಕೊಂಡು ತರಬೇಕಾದದ್ದು ಅತ್ಯಲ್ಪ. ಪತ್ರಿ, ಎಕ್ಕಿ, ತುಂಬೆ ಮೂರೂ ಶಿವಪೂಜೆಯಲ್ಲಿ ಹಿಂದಿನಿಂದ ಬಂದವು.

ಎಲ್ಲ ಪಾತರಗಿತ್ತಿಯೂ ರೈತನಿಗೆ ನಿರುಪದ್ರವಿಯೆಂದು ನಾನು ಹೇಳುವುದಿಲ್ಲ. ನಮ್ಮ ಬಾಗಲಕೋಟೆ ಜಿಲ್ಲೆಯ ದಾಳಿಂಬೆ ಬೆಳೆಗಾರರು ಹಣ್ಣು ಕೊರೆಯುವ ಹುಳುವನ್ನು ಬಲ್ಲರು. ಅದೂ ಒಂದು ಪಾತರಗಿತ್ತಿಯ ಮರಿಯೇ. ಹಣ್ಣಿಗೆ ಚೀಲ ಕಟ್ಟಿ ಕಾಯ್ದುಕೊಳ್ಳುವುದು ಅವರ ಹಕ್ಕು. ಆದರೆ ಮನೆಯ ಹಿತ್ತಲಿನ ಕರಿಬೇವಿಗೂ ಔಷಧಿ ಹೊಡೆಯುವ ರೂಢಿಯನ್ನು ಬಿಡೋಣ. ಎಲೆ ತಿನ್ನುವ ಹುಳು ಮಿತಿಮೀರದಂತೆ ಹಕ್ಕಿಯಿದೆ, ನಾವು ಕಂಡ ಆ ಕುಂಬಾರ ಹುಳುವೂ ಇದೆ. ಅಂದು ಒಡೆದ ಗೂಡನ್ನು ಕಂಡು ಕಣಜ ಕ್ರೂರಿಯೆಂದು ಮೊಮ್ಮಗಳು ಸಿಟ್ಟಾಗಿದ್ದಳು. ಅದೂ ತನ್ನ ಕೂಸಿಗೆ ಬುತ್ತಿ ಕಟ್ಟುವ ತಾಯಿಯೇ ಅಲ್ಲವೇ ಎಂದಾಗ ಸುಮ್ಮನಾದಳು. ಮರುವರ್ಷ ಅದೇ ಕಿಟಕಿಯ ಮೇಲೆ ಮತ್ತೆ ಗೂಡು ಕಟ್ಟಿದಾಗ ಅಲ್ಲಿ ಕಸಬರಿಗೆ ಆಡಿಸಬಾರದೆಂದು ಮನೆಯವರಿಗೆಲ್ಲ ಆಕೆಯೇ ಹೇಳಿದಳು.

ಈಗ ನಮ್ಮ ಮನೆಯಲ್ಲಿ ಪತ್ರಿ ಬಿಡಿಸುವ ಕ್ರಮ ತುಸು ಬದಲಾಗಿದೆ. ಎಲೆಯನ್ನು ಕೀಳುವ ಮುನ್ನ ಹೊರಳಿಸಿ ಹಿಂದೂ ಮುಂದೂ ನೋಡುತ್ತೇವೆ. ಮೊಟ್ಟೆಯೋ ಮರಿಯೋ ಇದ್ದ ಎಲೆಯನ್ನು ಗಿಡದಲ್ಲಿಯೇ ಬಿಡುತ್ತೇವೆ. ಪೂಜೆಗೆ ಬೇಕಾದಷ್ಟು ಆಮೇಲೆಯೂ ಸಿಗುತ್ತದೆ. ನಿಮ್ಮ ಮನೆಯ ಮಕ್ಕಳ ಕೈಗೂ ನಾಳೆ ಬೆಳಿಗ್ಗೆ ಪತ್ರಿಯ ಬುಟ್ಟಿಯನ್ನು ಕೊಡಿರಿ, ಜೊತೆಗೆ ಒಂದು ವಹಿಯನ್ನೂ ಕೊಡಿರಿ. ಅವರು ಕೂಗಿ ಕರೆದಾಗ, ಎಷ್ಟೇ ಅವಸರವಿದ್ದರೂ, ಹೋಗಿ ನೋಡಿರಿ.